ಮದ್ದನ್ನು ಕರಗಿಸುವ ದ್ರವಕ್ಕೂ ಹೆಸರಿರಲಿ

ಮಕ್ಕಳ ಜ್ವರಕ್ಕೆಂದು ಔಷಧದ ಅಂಗಡಿಯಿಂದ ತರುವ ಸಿರಪ್ಪಿನ ಸೀಸೆಯ ಮೇಲೆ ಸಾಮಾನ್ಯವಾಗಿ ಒಂದು ಲೆಕ್ಕ ಅಚ್ಚಾಗಿರುತ್ತದೆ: ಐದು ಮಿಲಿಲೀಟರಿನಲ್ಲಿ ಪ್ಯಾರಾಸಿಟಮಾಲ್ 120 ಮಿಲಿಗ್ರಾಂ. ಐದು ಮಿಲಿಲೀಟರೆಂದರೆ ಒಂದು ಚಹಾ ಚಮಚ. ಸಕ್ಕರೆಯ ಪಾಕದಿಂದ ದಪ್ಪಗಾದ ಆ ಒಂದು ಚಮಚ ದ್ರವ ಐದೂವರೆ ಆರು ಗ್ರಾಂ ತೂಗುತ್ತದೆ. ಅದರಲ್ಲಿ ಜ್ವರ ಇಳಿಸುವ ಪದಾರ್ಥವು ಒಂದು ಗ್ರಾಮಿನ ಎಂಟನೆಯ ಒಂದು ಪಾಲಿಗಿಂತಲೂ ಕಡಿಮೆ. ಮಿಕ್ಕ ಐದು ಗ್ರಾಂಗೂ ಮೀರಿದ ವಸ್ತು ಯಾವುದು? ಈ ಪ್ರಶ್ನೆಗೆ ಬಹಳಷ್ಟು ಸೀಸೆಗಳು ಕೊಡುವ ಉತ್ತರ ‘ಸುವಾಸಿತ ಸಿರಪ್ಪಿನ ಆಧಾರದಲ್ಲಿ’ ಎಂಬ ಎರಡು ಮೂರು ಪದಗಳು ಮಾತ್ರ. ಕೊಳ್ಳುವವರು ಹಣ ಕೊಡುವುದು ಔಷಧಕ್ಕೆ. ಮಗುವಿನ ಹೊಟ್ಟೆಗೆ ಹೋಗುವುದು ಬಹುಮಟ್ಟಿಗೆ ಆ ಹೆಸರಿಲ್ಲದ ಆಧಾರ. ಅದು ಏನು, ಏಕೆ ಬೇಕು, ಅದನ್ನು ಹೆಸರಿಲ್ಲದೆ ಬಿಟ್ಟದ್ದರಿಂದ ಏನೇನಾಗಿದೆ ಎಂಬುದು ರಸಾಯನಶಾಸ್ತ್ರಜ್ಞರ ಚರ್ಚೆಗೆ ಮಾತ್ರ ಬಿಡಬೇಕಾದ ವಿಷಯವಲ್ಲ. ಚೆನ್ನೈ, ಮುಂಬಯಿ, ದೆಹಲಿಗಳಲ್ಲಿ ನೆಲೆಸಿದ ಕನ್ನಡಿಗರಿಗಂತೂ ಅಲ್ಲವೇ ಅಲ್ಲ; ಈ ಮೂರು ನಗರಗಳೂ ಆ ಕಥೆಯಲ್ಲಿ ಬರುತ್ತವೆ.

ಮೊದಲು ಕರಗುವಿಕೆಯ ವಿಷಯ. ಒಂದು ಪದಾರ್ಥವು ಒಂದು ದ್ರವದಲ್ಲಿ ಕರಗಬೇಕಾದರೆ ಆ ದ್ರವದ ಅಣುಗಳು ತಮ್ಮ ತಮ್ಮೊಳಗಿನ ಹಿಡಿತವನ್ನು ಸ್ವಲ್ಪ ಸಡಿಲಿಸಿ ಹೊಸ ಅತಿಥಿಗೆ ಎಡೆಮಾಡಿಕೊಡಬೇಕು. ನೀರಿನ ಅಣುಗಳು ಹೈಡ್ರೋಜನ್ ಬಂಧಗಳಿಂದ ಒಂದನ್ನೊಂದು ಗಟ್ಟಿಯಾಗಿ ಹಿಡಿದುಕೊಂಡಿರುತ್ತವೆ. ಅಂಥದೇ ಬಂಧ ಬೆಸೆಯಬಲ್ಲ ಅಂಗಗಳುಳ್ಳ ಸಕ್ಕರೆ ಬಂದರೆ ನೀರು ಅದನ್ನು ಸಂತೋಷದಿಂದ ಒಳಗೆ ಸೇರಿಸಿಕೊಳ್ಳುತ್ತದೆ. ಕರ್ಪೂರ ಬಂದರೆ ಹೊರಗೇ ನಿಲ್ಲಿಸುತ್ತದೆ. ಒಂದು ಗ್ರಾಂ ಕರ್ಪೂರವನ್ನು ಕರಗಿಸಲು ಸುಮಾರು 800 ಮಿಲಿಲೀಟರು ನೀರು ಬೇಕು. ಶುದ್ಧ ಆಲ್ಕೊಹಾಲಾದರೆ ಒಂದು ಮಿಲಿಲೀಟರು ಸಾಕು. ಇಂಗಾಲವನ್ನು ಬೆನ್ನೆಲುಬಾಗಿ ಉಳ್ಳ ಸಾವಯವ ಸಂಯುಕ್ತಗಳಲ್ಲಿ ಬಹುಪಾಲಿನವು ಕರ್ಪೂರದ ಬಳಗಕ್ಕೆ ಸೇರಿದವು ಅಥವಾ ಸಕ್ಕರೆ ಕರ್ಪೂರಗಳ ನಡುವೆ ಎಲ್ಲೋ ನಿಲ್ಲುವಂಥವು. ಇಂದಿನ ಔಷಧಗಳಲ್ಲಿ ಹೆಚ್ಚಿನವು ಈ ಸಂಯುಕ್ತಗಳೇ ಆದ್ದರಿಂದ, ಅವನ್ನು ದ್ರವರೂಪದಲ್ಲಿ ಕೊಡಹೊರಟವರು ಮೊದಲು ಎದುರಿಸಬೇಕಾದ ತೊಡಕು ಇದೇ.

ಈ ತಿಳಿವಳಿಕೆ ನಮ್ಮ ಮನೆಗಳಿಗೆ ಹೊಸದೇನಲ್ಲ. ಇಂಗಿನ ಪರಿಮಳವಾಗಲಿ, ಒಣಮೆಣಸಿನಕಾಯಿಯ ಬಣ್ಣವಾಗಲಿ ಎಣ್ಣೆಗೆ ಇಳಿಯುವಂತೆ ನೀರಿಗೆ ಇಳಿಯದು. ಒಗ್ಗರಣೆಯ ರಸಾಯನ ಅಷ್ಟೇ. ಅರಸಿನದ ಕಲೆಯನ್ನು ಬರಿಯ ನೀರಿನಲ್ಲಿ ತೊಳೆಯಹೊರಟವರಿಗೆ ಇನ್ನೊಂದು ಪಾಠ ದೊರೆತಿರುತ್ತದೆ. ಆಯುರ್ವೇದವು ಒಂದೇ ಮೂಲಿಕೆಗೆ ಒಂದೆಡೆ ಕಷಾಯವನ್ನೂ, ಒಂದೆಡೆ ತೈಲವನ್ನೂ, ಮತ್ತೊಂದೆಡೆ ಘೃತವನ್ನೂ ಹೇಳುತ್ತದೆ. ಆಸವ ಅರಿಷ್ಟಗಳ ಜಾಣ್ಮೆ ಇನ್ನೂ ಸೂಕ್ಷ್ಮವಾದದ್ದು. ಬೆಲ್ಲವೋ ದ್ರಾಕ್ಷಿಯೋ ಸೇರಿಸಿ ಹುದುಗು ಬರಿಸಿದಾಗ ಅದರೊಳಗೇ ನೂರಕ್ಕೆ ಐದರಿಂದ ಹತ್ತು ಭಾಗದಷ್ಟು ಆಲ್ಕೊಹಾಲು ಹುಟ್ಟುತ್ತದೆ. ನೀರಿಗೆ ಬಾರದ ಸಾರವು ನೀರು ಆಲ್ಕೊಹಾಲುಗಳ ಮಿಶ್ರಣಕ್ಕೆ ಬರುತ್ತದೆ. ಮಿಶ್ರ ದ್ರಾವಕವೆಂಬ ಹೆಸರು ಪಾಠದ ಪುಸ್ತಕಗಳಿಗೆ ಬರುವುದಕ್ಕೆ ಬಹಳ ಹಿಂದೆಯೇ ವೈದ್ಯರ ಭರಣಿಗಳಲ್ಲಿ ಅದು ಕೆಲಸ ಮಾಡುತ್ತಿತ್ತು.

ಈಗ ಪ್ಯಾರಾಸಿಟಮಾಲಿಗೆ ಹಿಂತಿರುಗೋಣ. ಒಂದು ಗ್ರಾಂ ಪ್ಯಾರಾಸಿಟಮಾಲನ್ನು ಕರಗಿಸಲು ಸಾಧಾರಣ ಉಷ್ಣತೆಯ ನೀರು ಸುಮಾರು 70 ಮಿಲಿಲೀಟರು ಬೇಕು. ಗ್ಲಿಸರಿನ್ ಸುಮಾರು 40, ಪ್ರೊಪಿಲೀನ್ ಗ್ಲೈಕಾಲ್ ಸುಮಾರು 9, ಆಲ್ಕೊಹಾಲು ಸುಮಾರು 7. ಅಂದರೆ ಒಂದು ಮಿಲಿಲೀಟರು ನೀರು ಹೊತ್ತುಕೊಳ್ಳಬಲ್ಲದ್ದು 14 ಮಿಲಿಗ್ರಾಂ ಮಾತ್ರ. ಮೇಲೆ ಹೇಳಿದ ಸೀಸೆಯಲ್ಲಾದರೋ ಪ್ರತಿ ಮಿಲಿಲೀಟರಿಗೆ 24 ಮಿಲಿಗ್ರಾಂ ಇರಬೇಕು. ಐದು ಮಿಲಿಲೀಟರಿಗೆ 250 ಮಿಲಿಗ್ರಾಂ ಎಂದು ಮಾರುವ ಸೀಸೆಯಲ್ಲಿ 50 ಇರಬೇಕು. ನೀರೊಂದರಿಂದ ಇದು ಆಗುವ ಕೆಲಸವಲ್ಲ. ಕುದಿಯುವ ನೀರಿನಲ್ಲಿ ಹೆಚ್ಚು ಕರಗುತ್ತದೆ ನಿಜ, ಆದರೆ ಆರಿದೊಡನೆ ಹೆಚ್ಚಾದದ್ದು ಹರಳುಗಟ್ಟಿ ತಳ ಸೇರುತ್ತದೆ. ಪುಟ್ಟ ಮಗುವಿಗೆ ಬರಿಯ ಆಲ್ಕೊಹಾಲು ಕುಡಿಸುವಂತೆಯೂ ಇಲ್ಲ. ಆದಕಾರಣ ತಯಾರಕರ ಮುಂದೆ ಎರಡು ದಾರಿಗಳಿವೆ. ಕರಗದ ನಯವಾದ ಪುಡಿಯನ್ನು ದಪ್ಪ ದ್ರವದಲ್ಲಿ ತೇಲಿಬಿಟ್ಟು ‘ಚೆನ್ನಾಗಿ ಕುಲುಕಿ ಬಳಸಿರಿ’ ಎಂದು ಬರೆಯುವುದು ಒಂದು. ನೀರಿಗೆ ಪ್ರೊಪಿಲೀನ್ ಗ್ಲೈಕಾಲನ್ನೋ ಗ್ಲಿಸರಿನ್ನನ್ನೋ ತಕ್ಕಷ್ಟು ಬೆರೆಸಿ ಔಷಧವನ್ನು ಪೂರ್ತಿ ಕರಗಿಸಿಬಿಡುವುದು ಇನ್ನೊಂದು. ಗಾಜಿನ ಹಿಂದೆ ಷರಬತ್ತಿನಂತೆ ನಿಚ್ಚಳವಾಗಿ ಹೊಳೆಯುವ ಸಿರಪ್ಪುಗಳೆಲ್ಲ ಎರಡನೆಯ ದಾರಿಯವು.

ದ್ರವಗಳನ್ನು ಬೆರೆಸಿದಾಗ ಕರಗುವ ಪ್ರಮಾಣವು ಹೇಗೆ ಬದಲಾಗುತ್ತದೆ ಎಂಬುದರಲ್ಲಿ ಒಂದು ವಿಶೇಷವಿದೆ. ಅರ್ಧ ನೀರು ಅರ್ಧ ಆಲ್ಕೊಹಾಲು ಸೇರಿಸಿದರೆ ಎರಡರ ಸರಾಸರಿಯಷ್ಟು ಕರಗೀತು ಎಂದು ಸಾಮಾನ್ಯ ಬುದ್ಧಿ ಹೇಳುತ್ತದೆ. ನಿಸರ್ಗ ಹಾಗೆ ಕೂಡುವ ಲೆಕ್ಕ ಮಾಡುವುದಿಲ್ಲ, ಗುಣಿಸುವ ಲೆಕ್ಕ ಮಾಡುತ್ತದೆ. 1970ರ ದಶಕದ ಆರಂಭದಲ್ಲಿ ಅಮೆರಿಕದ ಸ್ಯಾಮ್ಯುಯೆಲ್ ಯಾಲ್ಕೋವ್‌ಸ್ಕಿ ಮತ್ತು ಅವರ ಸಹೋದ್ಯೋಗಿಗಳು ಸ್ಪಷ್ಟಪಡಿಸಿದ ಈ ನಿಯಮವನ್ನು ಸರಳವಾಗಿ ಹೀಗೆ ಹೇಳಬಹುದು: ನೂರಕ್ಕೆ ಹತ್ತು ಭಾಗ ಸಹದ್ರಾವಕವನ್ನು ಸೇರಿಸಿದಾಗ ಕರಗುವಿಕೆ ಎರಡು ಪಟ್ಟಾಗುವುದಾದರೆ, ಇಪ್ಪತ್ತು ಭಾಗಕ್ಕೆ ನಾಲ್ಕು ಪಟ್ಟು, ಮೂವತ್ತಕ್ಕೆ ಎಂಟು, ನಾಲ್ವತ್ತಕ್ಕೆ ಹದಿನಾರು ಪಟ್ಟು. ನಿಯಮವು ಎಲ್ಲೆಡೆಯೂ ಅಕ್ಷರಶಃ ನಡೆಯುವುದಿಲ್ಲ. ಎರಡು ದ್ರವಗಳ ಮಿಶ್ರಣವು ಒಂದೊಂದು ದ್ರವಕ್ಕಿಂತಲೂ ಹೆಚ್ಚು ಕರಗಿಸುವ ಉದಾಹರಣೆಗಳುಂಟು. ಅಸಿಟೋನು ಮತ್ತು ನೀರನ್ನು ಬೆರೆಸಿದಾಗ ಪ್ಯಾರಾಸಿಟಮಾಲ್ ಹೀಗೆ ವರ್ತಿಸುತ್ತದೆ. ಅದರ ಅಣುವಿಗೆ ಎರಡು ಮುಖಗಳಿವೆ. ಬೆನ್‌ಜೀನಿನ ಉಂಗುರವು ಒಂದು ಬಗೆಯ ನೆರೆಹೊರೆಯನ್ನು ಬಯಸಿದರೆ, ಅದರ ಎರಡು ತುದಿಗಳು ನೀರಿನಂಥ ನೆರೆಹೊರೆಯನ್ನು ಬಯಸುತ್ತವೆ. ಮಿಶ್ರಣದಲ್ಲಿ ಎರಡೂ ದೊರೆಯುತ್ತವೆ.

ಗುಣಾಕಾರದ ಈ ಲೆಕ್ಕಕ್ಕೆ ಒಂದು ಮಗ್ಗುಲು ಉಂಟು. ಅದು ಮನೆಯವರೂ ತಿಳಿದಿರಬೇಕಾದದ್ದು. ನಾಲ್ವತ್ತು ಭಾಗ ಸಹದ್ರಾವಕವಿದ್ದ ಔಷಧಕ್ಕೆ ಅಷ್ಟೇ ನೀರು ಸುರಿದರೆ ಔಷಧದ ಸಾಂದ್ರತೆ ಅರ್ಧಕ್ಕೆ ಇಳಿಯುತ್ತದೆ. ಆದರೆ ಸಹದ್ರಾವಕ ಇಪ್ಪತ್ತು ಭಾಗವಾದ್ದರಿಂದ ಕರಗಿಸುವ ಶಕ್ತಿ ಹದಿನಾರರಿಂದ ನಾಲ್ಕಕ್ಕೆ, ಅಂದರೆ ಕಾಲು ಭಾಗಕ್ಕೆ ಇಳಿದುಬಿಡುತ್ತದೆ. ಅಂಚಿನವರೆಗೆ ಔಷಧ ತುಂಬಿದ್ದ ದ್ರಾವಣವಾದರೆ ಹೆಚ್ಚಾದದ್ದು ಕೂಡಲೇ ಬೇರೆಯಾಗಿ ಬೆಳ್ಳಗೆ ಕದಡುತ್ತದೆ. ಡೆಟಾಲನ್ನು ನೀರಿಗೆ ಹನಿಸಿದಾಗ ಹಾಲಿನಂತಾಗುವುದನ್ನು ಎಲ್ಲರೂ ಕಂಡಿರುತ್ತಾರೆ. ಅಲ್ಲಿ ಆಲ್ಕೊಹಾಲು ಸಾಬೂನುಗಳ ಆಸರೆಯಲ್ಲಿದ್ದ ಪೈನ್ ಎಣ್ಣೆಯು ನೀರು ಹೆಚ್ಚಾದೊಡನೆ ಹನಿಹನಿಯಾಗಿ ಬೇರ್ಪಡುತ್ತದೆ. ಅಪಸ್ಮಾರಕ್ಕೆ ಕೊಡುವ ಫೆನಿಟಾಯಿನ್ ಚುಚ್ಚುಮದ್ದಿನಲ್ಲಿ ನೂರಕ್ಕೆ 40 ಭಾಗ ಪ್ರೊಪಿಲೀನ್ ಗ್ಲೈಕಾಲ್, 10 ಭಾಗ ಆಲ್ಕೊಹಾಲು ಇರುತ್ತದೆ. ಅದನ್ನು ಕಂಡ ಕಂಡ ದ್ರವದೊಡನೆ ಬೆರೆಸಬಾರದೆಂದು ಆಸ್ಪತ್ರೆಯ ದಾದಿಯರಿಗೆ ಕಟ್ಟುನಿಟ್ಟಾಗಿ ಹೇಳಿಕೊಡುವುದಕ್ಕೆ ಇದೂ ಒಂದು ಕಾರಣ. ಸೀಸೆಯ ತಳದಲ್ಲಿ ಉಳಿದ ಔಷಧಕ್ಕೆ ನೀರು ಹಾಕಿ ಇನ್ನೆರಡು ದಿನ ಸಾಗಿಸುವ ಮಿತವ್ಯಯವು ಸರಿಯಲ್ಲವೆನ್ನಲು ಇಷ್ಟು ಸಾಕು.

ಇಷ್ಟನ್ನು ನಿಧಾನವಾಗಿ ಹೇಳಬೇಕಾದದ್ದು ಏಕೆಂದರೆ, ದ್ರಾವಕವೆಂಬುದು ತಯಾರಕರ ಹುಚ್ಚಲ್ಲ, ಅವಶ್ಯಕತೆ. ಆ ಅವಶ್ಯಕತೆಯ ಬಾಗಿಲಿನಿಂದಲೇ ವಿಷವೂ ಒಳಗೆ ಬಂದಿದೆ.

1937ರಲ್ಲಿ ಅಮೆರಿಕದಲ್ಲಿ ನಡೆದದ್ದು ಅದರ ಮೊದಲ ದೊಡ್ಡ ಪ್ರಸಂಗ. ಸಲ್ಫನಿಲಮೈಡ್ ಆಗಿನ ಕಾಲದ ಸಂಜೀವಿನಿ. ಸ್ಟ್ರೆಪ್ಟೋಕಾಕಸ್ ಸೋಂಕಿಗೆ ಅಂಥ ಇನ್ನೊಂದು ಮದ್ದು ಆಗ ಇರಲಿಲ್ಲ. ಅದು ಪುಡಿಯಾಗಿಯೂ ಮಾತ್ರೆಯಾಗಿಯೂ ದೊರೆಯುತ್ತಿತ್ತು. ಮಕ್ಕಳಿಗೆ ಕುಡಿಸಲು ದ್ರವರೂಪ ಬೇಕೆಂಬ ಬೇಡಿಕೆ ಬಂತು. ನೀರಿನಲ್ಲಾಗಲಿ ಆಲ್ಕೊಹಾಲಿನಲ್ಲಾಗಲಿ ಅದು ಸಾಕಷ್ಟು ಕರಗುವುದಿಲ್ಲ. ಟೆನೆಸಿ ರಾಜ್ಯದ ಕಂಪನಿಯೊಂದರ ಮುಖ್ಯ ರಸಾಯನತಜ್ಞನು ಡೈಎಥಿಲೀನ್ ಗ್ಲೈಕಾಲಿನಲ್ಲಿ ಅದು ಚೆನ್ನಾಗಿ ಕರಗುವುದನ್ನು ಕಂಡುಕೊಂಡ. ಸುಮಾರು 72 ಭಾಗ ಆ ದ್ರವ, 10 ಭಾಗ ಔಷಧ, ಉಳಿದಂತೆ ನೀರು, ರಾಸ್‌ಬೆರಿಯ ಸುವಾಸನೆ. ರುಚಿ ನೋಡಿದರು, ಬಣ್ಣ ನೋಡಿದರು, ವಾಸನೆ ನೋಡಿದರು. ಕುಡಿದರೆ ಏನಾಗುತ್ತದೆಂದು ಒಂದು ಇಲಿಯ ಮೇಲೂ ನೋಡಲಿಲ್ಲ. ನೂರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ 34 ಮಂದಿ ಮಕ್ಕಳು. ಕಾನೂನಿನ ವಿಡಂಬನೆಯನ್ನು ನೋಡಿ: ವಿಷವುಳ್ಳ ಔಷಧ ಮಾರಿದ್ದು ಅಂದಿನ ಕಾಯಿದೆಯ ಪ್ರಕಾರ ಅಪರಾಧವೇ ಆಗಿರಲಿಲ್ಲ. ‘ಎಲಿಕ್ಸರ್’ ಎಂಬ ಹೆಸರಿಟ್ಟ ಮೇಲೆ ಅದರಲ್ಲಿ ಆಲ್ಕೊಹಾಲು ಇರಬೇಕಿತ್ತು, ಇರಲಿಲ್ಲ ಎಂಬ ಹೆಸರಿನ ತಪ್ಪಿಗೆ ದಂಡ ಬಿತ್ತು. ಮಾರುವುದಕ್ಕೆ ಮೊದಲು ಔಷಧ ಸುರಕ್ಷಿತವೆಂದು ತೋರಿಸಬೇಕೆಂಬ ಕಾಯಿದೆ ಅಲ್ಲಿ ಬಂದದ್ದು ಮರುವರ್ಷ, 1938ರಲ್ಲಿ.

ಅಂದು ನಡೆದದ್ದು ಅಜ್ಞಾನದಿಂದ. ಆಮೇಲೆ ನಡೆದವುಗಳಿಗೆ ಆ ನೆಪವಿಲ್ಲ. ಡೈಎಥಿಲೀನ್ ಗ್ಲೈಕಾಲ್ ಬಣ್ಣವಿಲ್ಲದ, ತುಸು ದಪ್ಪನಾದ, ಸಿಹಿಯಾದ ದ್ರವ. ನೋಟಕ್ಕೂ ನಾಲಗೆಗೂ ಗ್ಲಿಸರಿನ್ನಿನ, ಪ್ರೊಪಿಲೀನ್ ಗ್ಲೈಕಾಲಿನ ಒಡಹುಟ್ಟಿದಂತೆ. ಕಾರ್ಖಾನೆಗಳಲ್ಲಿ ರಾಳ, ಬ್ರೇಕ್ ದ್ರವ ಮುಂತಾದವುಗಳಿಗೆ ಬಳಕೆಯಾಗುವ ಈ ದ್ರವವು ಔಷಧ ದರ್ಜೆಯ ದ್ರಾವಕಗಳಿಗಿಂತ ಅಗ್ಗ. ಪೀಪಾಯಿಯ ಮೇಲಿನ ಚೀಟಿ ಬದಲಾದರೆ ಕಣ್ಣಿಗೆ ಭೇದ ಕಾಣದು. ದೇಹಕ್ಕೆ ಭೇದ ಕಾಣುತ್ತದೆ. ಯಕೃತ್ತಿನಲ್ಲಿ ಆಲ್ಕೊಹಾಲನ್ನು ಒಡೆಯುವ ಕಿಣ್ವಗಳೇ ಇದನ್ನೂ ಹಿಡಿದು ಡೈಗ್ಲೈಕಾಲಿಕ್ ಆಮ್ಲವನ್ನಾಗಿ ಮಾಡುತ್ತವೆ. ಆ ಆಮ್ಲವು ಮೂತ್ರಜನಕಾಂಗದ ಸೂಕ್ಷ್ಮ ನಾಳಗಳ ಜೀವಕೋಶಗಳನ್ನು ಕೊಲ್ಲುತ್ತದೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಮೊದಲು ವಾಂತಿ, ಹೊಟ್ಟೆನೋವು. ಒಂದೆರಡು ದಿನಗಳಲ್ಲಿ ಮೂತ್ರ ಕಡಿಮೆಯಾಗಿ ನಿಂತೇಹೋಗುತ್ತದೆ. ಜ್ವರದಿಂದಲೇ ಹೀಗಾಯಿತೆಂದು ಮನೆಯವರು ತಿಳಿಯುತ್ತಾರೆ. ಎಷ್ಟೋ ಸಲ ವೈದ್ಯರೂ ಹಾಗೆಯೇ ತಿಳಿದಿದ್ದಾರೆ.

1970ರ ದಶಕದ ಆರಂಭದಲ್ಲಿ ಮದ್ರಾಸಿನ ಎಳುಂಬೂರಿನ ಮಕ್ಕಳ ಆಸ್ಪತ್ರೆಯಲ್ಲಿ ಸಿರಪ್ಪು ಕುಡಿದ ಮಕ್ಕಳು ಸತ್ತರು. ಪ್ರೊಪಿಲೀನ್ ಗ್ಲೈಕಾಲ್ ಇರಬೇಕಾದೆಡೆ ಈ ವಿಷವಿತ್ತು. 1986ರಲ್ಲಿ ಮುಂಬಯಿಯ ಜೆ. ಜೆ. ಆಸ್ಪತ್ರೆಯಲ್ಲಿ 14 ಮಂದಿ ರೋಗಿಗಳು ತೀರಿಕೊಂಡರು. ಅಲ್ಲಿ ಗ್ಲಿಸರಿನ್ ದ್ರಾವಕವಾಗಿರಲಿಲ್ಲ. ಮೆದುಳಿನ, ಕಣ್ಣಿನ ಒತ್ತಡ ಇಳಿಸಲು ಅದನ್ನೇ ಔಷಧವಾಗಿ ಕೊಡಲಾಗುತ್ತಿತ್ತು, ಮತ್ತು ಅದರಲ್ಲಿ ಡೈಎಥಿಲೀನ್ ಗ್ಲೈಕಾಲ್ ಬೆರೆತಿತ್ತು. ನ್ಯಾಯಮೂರ್ತಿ ಲೆಂಟಿನ್ ಅವರ ಆಯೋಗವು ಕಾರ್ಖಾನೆಯಿಂದ ಹಿಡಿದು ಆಸ್ಪತ್ರೆ, ಔಷಧ ನಿಯಂತ್ರಣ ಇಲಾಖೆ, ಮಂತ್ರಿಗಳವರೆಗೆ ಯಾರನ್ನೂ ಬಿಡದೆ ವಿಚಾರಿಸಿ ವರದಿ ಕೊಟ್ಟಿತು. ಅಂದಿನ ಮುಂಬಯಿಯ ಪತ್ರಿಕೆಗಳನ್ನು ಓದುತ್ತಿದ್ದ ಹಳೆಯ ತಲೆಮಾರಿನ ಕನ್ನಡಿಗರಿಗೆ ಆ ವಿಚಾರಣೆಯ ದಿನಗಳು ಮರೆತಿರಲಾರವು. 1990ರಿಂದ 1992ರವರೆಗೆ ಬಾಂಗ್ಲಾದೇಶದಲ್ಲಿ, 1995–96ರಲ್ಲಿ ಹೈಟಿಯಲ್ಲಿ ಪ್ಯಾರಾಸಿಟಮಾಲ್ ಸಿರಪ್ಪು ಮಕ್ಕಳನ್ನು ಬಲಿ ತೆಗೆದುಕೊಂಡಿತು. 1998ರಲ್ಲಿ ದೆಹಲಿಯ ಪಕ್ಕದ ಗುಡಗಾಂವಿನ 33 ಮಕ್ಕಳು ಕೆಮ್ಮಿನ ಔಷಧದಿಂದ ಸತ್ತರು. 2019–20ರ ಚಳಿಗಾಲದಲ್ಲಿ ಜಮ್ಮುವಿನ ರಾಮನಗರ. 2022ರಲ್ಲಿ ಭಾರತದ ಸಿರಪ್ಪುಗಳನ್ನು ತರಿಸಿಕೊಂಡ ಗ್ಯಾಂಬಿಯಾ, ಉಜ್ಬೆಕಿಸ್ತಾನ. ಗ್ಯಾಂಬಿಯಾ ಒಂದರಲ್ಲೇ ಸುಮಾರು 70 ಮಕ್ಕಳು.

2025ರ ಸೆಪ್ಟೆಂಬರ್, ಅಕ್ಟೋಬರ್ ತಿಂಗಳುಗಳಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಕ್ಕಳು ಮೂತ್ರಜನಕಾಂಗ ಕೆಟ್ಟು ಸತ್ತರು. ಅವರಿಗೆ ಕುಡಿಸಿದ್ದ ಸಿರಪ್ಪಿನ ಔಷಧಗಳು ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್‌ಫೆನಿರಮಿನ್. ಅದು ತಯಾರಾದದ್ದು ಚೆನ್ನೈಗೆ ಸಮೀಪದ ಕಾಂಚೀಪುರ ಜಿಲ್ಲೆಯಲ್ಲಿ. ತಮಿಳುನಾಡು ಸರಕಾರದ ಪರೀಕ್ಷೆಯಲ್ಲಿ ಅದರೊಳಗೆ ನೂರಕ್ಕೆ 48.6 ಭಾಗ ಡೈಎಥಿಲೀನ್ ಗ್ಲೈಕಾಲ್ ಕಂಡುಬಂತು. ಇರಬಹುದಾದ ಮಿತಿ ನೂರಕ್ಕೆ 0.1 ಭಾಗ. ಎಂದರೆ ಆ ಸೀಸೆಯ ಹೆಚ್ಚು ಕಡಿಮೆ ಅರ್ಧವೇ ವಿಷ. ಸೀಸೆಯ ಮೇಲೆ ಹೆಸರಿದ್ದ ಮೂರು ಔಷಧಗಳಲ್ಲಿ ಒಂದೂ ಆ ಮಕ್ಕಳನ್ನು ಕೊಲ್ಲಲಿಲ್ಲ.

ಔಷಧಶಾಸ್ತ್ರದಲ್ಲಿ ದ್ರಾವಕ, ಸಿಹಿ, ಬಣ್ಣ, ಸುವಾಸನೆಗಳನ್ನು ‘ನಿಷ್ಕ್ರಿಯ’ ಪದಾರ್ಥಗಳೆಂದು ಕರೆಯುವ ವಾಡಿಕೆ ಬೆಳೆದುಬಂದಿದೆ. ಆ ವಿಶೇಷಣವೇ ಅನರ್ಥಕ್ಕೆ ಅರ್ಧ ಕಾರಣ ಎನ್ನಬೇಕು. ಯಾವುದನ್ನು ನಿಷ್ಕ್ರಿಯವೆಂದು ಕರೆಯುತ್ತೇವೋ ಅದರ ಮೇಲೆ ಕೊಳ್ಳುವವರ ಕಣ್ಣೂ ಇರುವುದಿಲ್ಲ, ಪರೀಕ್ಷಕರ ಕಣ್ಣೂ ಇರುವುದಿಲ್ಲ. ಪ್ಯಾರಾಸಿಟಮಾಲ್ ಶುದ್ಧವೇ, ಹೇಳಿದಷ್ಟು ಪ್ರಮಾಣ ಇದೆಯೇ ಎಂದು ಪರೀಕ್ಷೆ ನಡೆಯುತ್ತದೆ. ಅದರ ನಲ್ವತ್ತು ಪಟ್ಟು ತೂಗುವ ದ್ರವವು ಪೀಪಾಯಿಯ ಚೀಟಿಯನ್ನೇ ಸಾಕ್ಷಿಯಾಗಿಟ್ಟುಕೊಂಡು ಕಡಾಯಿಗೆ ಇಳಿಯುತ್ತದೆ. ಶುದ್ಧವಾದ ಪ್ರೊಪಿಲೀನ್ ಗ್ಲೈಕಾಲ್ ಕೂಡ ನವಜಾತ ಶಿಶುವಿನ ವಿಷಯದಲ್ಲಿ ನಿಷ್ಕ್ರಿಯವಲ್ಲ. ಅದನ್ನು ಒಡೆದು ಹೊರಹಾಕುವ ಶಕ್ತಿ ಎಳೆಯ ದೇಹಕ್ಕೆ ಕಡಿಮೆ. ಯುರೋಪಿನ ಔಷಧ ಸಂಸ್ಥೆಯು ಮೊದಲ 28 ದಿನಗಳ ಶಿಶುವಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗ್ರಾಮಿಗೆ 1 ಮಿಲಿಗ್ರಾಂ, ಐದು ವರ್ಷ ತುಂಬುವವರೆಗೆ 50 ಮಿಲಿಗ್ರಾಂ, ಆ ಮೇಲಿನವರಿಗೆ 500 ಮಿಲಿಗ್ರಾಂ ಎಂದು ಮಿತಿಗಳನ್ನು ಸೂಚಿಸಿದೆ. ಸೀಸೆಯ ಮೇಲೆ ಪ್ರಮಾಣವೇ ಇಲ್ಲದಿದ್ದರೆ ಯಾವ ವೈದ್ಯರು ಈ ಲೆಕ್ಕ ಹಾಕಬಲ್ಲರು?

ಬಿಸ್ಕತ್ತಿನ ಪೊಟ್ಟಣದ ಮೇಲೆ ಮೈದಾ, ಸಕ್ಕರೆ, ಎಣ್ಣೆ, ಉಬ್ಬಿಸುವ ಪುಡಿ, ಬಣ್ಣ ಎಲ್ಲವನ್ನೂ ಕ್ರಮವಾಗಿ ನಮೂದಿಸಬೇಕೆಂದು ಕಾಯಿದೆಯಿದೆ. ಕಾಯಿಲೆಯ ಮಗುವಿಗೆ ಕುಡಿಸುವ ದ್ರವಕ್ಕೆ ಅಷ್ಟು ಮರ್ಯಾದೆಯೂ ಬೇಡವೇ? ದ್ರಾವಕಗಳ ಹೆಸರು, ಪ್ರಮಾಣ ಎರಡೂ ಸೀಸೆಯ ಮೇಲೆ, ಮಾರುವ ಪ್ರದೇಶದ ಭಾಷೆಯಲ್ಲಿ, ಕಣ್ಣಿಗೆ ಕಾಣುವ ಅಕ್ಷರಗಳಲ್ಲಿ ಇರಬೇಕು. ಇದರಿಂದ ಜನ ಸುಮ್ಮನೆ ಹೆದರುತ್ತಾರೆ ಎನ್ನುವವರಿದ್ದಾರೆ. ಬಿಸ್ಕತ್ತು ತಿನ್ನುವವರು ಹೆದರಿದ್ದು ಕಾಣೆ. ವಂಚಕನು ಪ್ರೊಪಿಲೀನ್ ಗ್ಲೈಕಾಲ್ ಎಂದು ಬರೆದು ಬೇರೊಂದನ್ನು ತುಂಬಿದರೆ ಬರೆದದ್ದರಿಂದ ಏನು ಪ್ರಯೋಜನ ಎಂಬ ಇನ್ನೊಂದು ಆಕ್ಷೇಪಣೆಗೆ ಹೆಚ್ಚು ತೂಕವಿದೆ. ನಿಜ, ಚೀಟಿಯೊಂದರಿಂದ ವಂಚನೆ ನಿಲ್ಲದು. ಅದಕ್ಕೆ ಪ್ರತಿಯೊಂದು ಪೀಪಾಯಿಯನ್ನೂ ತೆರೆದು ಪರೀಕ್ಷಿಸಬೇಕು. ಪೀಪಾಯಿಗಳ ರಾಶಿಯಿಂದ ಒಂದನ್ನು ಆರಿಸಿ ನೋಡಿದರೆ ಸಾಲದು. ಪರೀಕ್ಷೆ ಕಷ್ಟದ್ದೂ ಅಲ್ಲ. ಗ್ಯಾಸ್ ಕ್ರೊಮಟೋಗ್ರಫಿಯ ಯಂತ್ರವಿಲ್ಲದ ಸಣ್ಣ ಕಾರ್ಖಾನೆಗೂ ತೆಳುಪದರದ ಕ್ರೊಮಟೋಗ್ರಫಿಯೆಂಬ ಅಗ್ಗದ ಉಪಾಯ ಇದೆ. 2023ರ ಜೂನ್ 1ರಿಂದ ಹೊರದೇಶಗಳಿಗೆ ಹೋಗುವ ಕೆಮ್ಮಿನ ಸಿರಪ್ಪನ್ನು ಸರಕಾರ ಒಪ್ಪಿದ ಪ್ರಯೋಗಾಲಯದಲ್ಲಿ ಪರೀಕ್ಷಿಸಿದ ಮೇಲೆಯೇ ಕಳಿಸಬೇಕೆಂದು ಭಾರತ ಸರಕಾರ ವಿಧಿಸಿತು. ಒಳ್ಳೆಯದೇ. ಆದರೆ ಹೊರಗಿನವರ ಮಕ್ಕಳಿಗೆ ಒಂದು ಜರಡಿ, ಛಿಂದ್ವಾಡಾದ ಮಕ್ಕಳಿಗೆ ಇನ್ನೊಂದು ಜರಡಿ ಎಂಬ ನ್ಯಾಯವನ್ನು ಯಾರಾದರೂ ಸಮರ್ಥಿಸುವುದು ಕಷ್ಟ.

ಇದೆಲ್ಲಕ್ಕಿಂತ ಹಿಂದೆ ಕೇಳಬೇಕಾದ ಪ್ರಶ್ನೆಯೊಂದಿದೆ. ಇಷ್ಟೊಂದು ಸಿರಪ್ಪು ನಮಗೆ ಬೇಕೇ? ನೆಗಡಿಯೊಡನೆ ಬರುವ ಮಕ್ಕಳ ಕೆಮ್ಮು ಬಹುಮಟ್ಟಿಗೆ ಒಂದರಿಂದ ಮೂರು ವಾರಗಳಲ್ಲಿ ತಾನಾಗಿಯೇ ಹೋಗುತ್ತದೆ. ಸಿರಪ್ಪುಗಳಿಂದ ಅದು ಬೇಗ ಹೋಗುತ್ತದೆಂಬುದಕ್ಕೆ ಗಟ್ಟಿಯಾದ ಆಧಾರವಿಲ್ಲ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಕೂಡಿದ ಔಷಧವನ್ನು ನಾಲ್ಕು ವರ್ಷಕ್ಕಿಂತ ಕೆಳಗಿನ ಮಕ್ಕಳಿಗೆ ಕೊಡಬಾರದೆಂದು ಚೀಟಿಯ ಮೇಲೆ ಬರೆಯುವಂತೆ ಕೇಂದ್ರದ ಔಷಧ ನಿಯಂತ್ರಕರು 2023ರಲ್ಲಿಯೇ ಆದೇಶಿಸಿದ್ದರು. ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು ನೆಗಡಿಯ ಔಷಧ ಕೊಡಲೇಬಾರದು, ಐದು ವರ್ಷದೊಳಗೆ ಸಾಮಾನ್ಯವಾಗಿ ಬೇಡ ಎಂದು ಕೇಂದ್ರದ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯವು 2025ರ ಅಕ್ಟೋಬರಿನಲ್ಲಿ ಮತ್ತೆ ಹೇಳಿತು. ಹೊರನಾಡ ಕನ್ನಡಿಗರ ಸಂಸಾರಗಳಲ್ಲಿ ಈ ಮಾತು ನಾಟುವುದು ಸುಲಭವಲ್ಲ. ಗಂಡ ಹೆಂಡತಿ ಇಬ್ಬರೂ ಬೆಳಗಿನ ಲೋಕಲ್ ಹಿಡಿಯಬೇಕು. ರಾತ್ರಿಯೆಲ್ಲ ಕೆಮ್ಮಿದ ಮಗುವನ್ನು ನೆರೆಮನೆಯಲ್ಲೋ ಶಿಶುಗೃಹದಲ್ಲೋ ಬಿಡಬೇಕು. ಕಷಾಯ ಕಾಸಿಕೊಡುವ ಅಜ್ಜಿ ಧಾರವಾಡದಲ್ಲೋ ಕುಂದಾಪುರದಲ್ಲೋ ಇದ್ದಾರೆ. ಕೆಳಗಿನ ಮೆಡಿಕಲ್ ಅಂಗಡಿಯವನು ಪರಿಚಿತ, ‘ಮಕ್ಕಳ ಕೆಮ್ಮಿಗೆ’ ಎಂದರೆ ಒಂದು ಸೀಸೆ ತೆಗೆದುಕೊಡುತ್ತಾನೆ. ಆ ಸೀಸೆಯಿಂದ ಮಗು ಮಲಗುತ್ತದೆ. ಕೆಮ್ಮು ವಾಸಿಯಾಯಿತೆಂದು ಭಾವಿಸುತ್ತೇವೆ. ಇದರಲ್ಲಿ ತಾಯಿತಂದೆಯರನ್ನು ದೂರುವಂಥದ್ದೇನೂ ಇಲ್ಲ. ಆದರೂ ವರ್ಷ ತುಂಬಿದ ಮಗುವಿಗೆ ಮಲಗುವ ಮುಂಚೆ ಅರ್ಧ ಚಮಚ ಜೇನುತುಪ್ಪ, ಬಿಸಿಯಾದ ಪಾನೀಯ, ಮೂಗು ಕಟ್ಟಿದ್ದರೆ ಉಪ್ಪುನೀರಿನ ಹನಿ, ಇವು ಆ ಸೀಸೆಗಿಂತ ಕಡಿಮೆಯ ಕೆಲಸವನ್ನೇನೂ ಮಾಡುವುದಿಲ್ಲ. ವರ್ಷದೊಳಗಿನ ಕೂಸಿಗೆ ಜೇನುತುಪ್ಪ ಸಲ್ಲದು. ಮಗು ಬೇಗಬೇಗ ಉಸಿರಾಡುತ್ತಿದ್ದರೆ, ಉಸಿರೆಳೆಯುವಾಗ ಎದೆ ಒಳಗೆ ಕುಸಿಯುತ್ತಿದ್ದರೆ, ಅದು ಮನೆಮದ್ದಿನ ಹೊತ್ತೂ ಅಲ್ಲ, ಸಿರಪ್ಪಿನ ಹೊತ್ತೂ ಅಲ್ಲ. ವೈದ್ಯರ ಬಳಿಗೆ ಹೋಗುವ ಹೊತ್ತು.

ಯಾವ ದ್ರವೌಷಧವನ್ನೇ ಆಗಲಿ ಕುಡಿಸಲು ತೊಡಗಿದ ಮೇಲೆ ಮಗುವಿಗೆ ವಾಂತಿ ಹೆಚ್ಚಾಗಿ ಮೂತ್ರ ಕಡಿಮೆಯಾದರೆ ಔಷಧವನ್ನು ಅಲ್ಲಿಗೇ ನಿಲ್ಲಿಸಿ, ಸೀಸೆಯನ್ನು ಎಸೆಯದೆ ಕೈಯಲ್ಲಿ ಹಿಡಿದುಕೊಂಡೇ ದೊಡ್ಡ ಆಸ್ಪತ್ರೆಗೆ ಹೋಗಬೇಕು. ರಕ್ತ ಶೋಧಿಸುವ ಡಯಾಲಿಸಿಸ್ ಸೌಲಭ್ಯವಿರುವ ಆಸ್ಪತ್ರೆಯಾದರೆ ಲೇಸು. ವಿಷ ಒಡೆಯುವ ಕಿಣ್ವವನ್ನು ತಡೆಯುವ ಔಷಧಗಳಿವೆ. ಅವು ಬೇಗ ಸಿಕ್ಕಿದವರಿಗೇ ಉಪಯೋಗ. ಸೀಸೆಯ ಮೇಲಿನ ಬ್ಯಾಚ್ ಸಂಖ್ಯೆಯಿಂದ ಬೇರೆ ಮನೆಗಳ ಮಕ್ಕಳೂ ಉಳಿದಾರು. ಬಿಲ್ಲು ಕೇಳಿ ಪಡೆಯುವ ಅಭ್ಯಾಸಕ್ಕೂ ಇಲ್ಲಿ ಬೆಲೆಯುಂಟು.

ಉಳಿದದ್ದು ನಿಚ್ಚಳತೆಯ ಮೋಹ. ಸಿರಪ್ಪು ಪಾರದರ್ಶಕವಾಗಿದ್ದರೆ ಒಳ್ಳೆಯದು, ಕದಡಿದ್ದರೆ ಕೆಟ್ಟಿದ್ದು ಎಂಬ ಭಾವನೆ ಕೊಳ್ಳುವವರಲ್ಲಿ ಬಲವಾಗಿದೆ. ಮಾರುವವರು ಅದನ್ನು ಚೆನ್ನಾಗಿ ಬಲ್ಲರು. ಕುಲುಕಿ ಬಳಸುವ ಪ್ಯಾರಾಸಿಟಮಾಲ್ ದ್ರವದಲ್ಲಿ ಔಷಧವು ಕರಗದೆ ತೇಲುತ್ತಿರುವುದರಿಂದ, ಪೂರ್ತಿ ಕರಗಿಸಲು ಬೇಕಾಗುವಷ್ಟು ಸಹದ್ರಾವಕ ಅದಕ್ಕೆ ಬೇಕಾಗುವುದಿಲ್ಲ. ಗ್ಲಿಸರಿನ್ ಮುಂತಾದವು ಅದರಲ್ಲಿಯೂ ಇರಬಹುದಾದ್ದರಿಂದ ಪರೀಕ್ಷೆ ತಪ್ಪಿದ್ದಲ್ಲ. ಆದರೂ ಮೋಸಕ್ಕೆ ಎಡೆ ಕಡಿಮೆ. ಸರಿಯಾಗಿ ಕುಲುಕದಿದ್ದರೆ ಮೇಲಿನ ಚಮಚದಲ್ಲಿ ಔಷಧ ಕಡಿಮೆ, ತಳದ ಚಮಚದಲ್ಲಿ ಹೆಚ್ಚು ಬಂದೀತೆಂಬುದು ಅದರ ಕುಂದು. ವಿಶ್ವ ಆರೋಗ್ಯ ಸಂಸ್ಥೆಯು 2008ರಿಂದೀಚೆಗೆ ಮಕ್ಕಳಿಗೆ ದ್ರವೌಷಧಗಳಿಗಿಂತ, ನೀರಿನಲ್ಲಿ ಹಾಕಿದೊಡನೆ ಹರಡಿಕೊಳ್ಳುವ ಮಾತ್ರೆಗಳು ಮೇಲೆಂದು ಹೇಳುತ್ತ ಬಂದಿದೆ. ಅವು ಕೆಡುವುದು ಕಡಿಮೆ, ಸಾಗಿಸುವುದು ಸುಲಭ, ಪ್ರಮಾಣ ಖಚಿತ. ನಮ್ಮ ದೇಶಕ್ಕೆ ಇದು ಅಪರಿಚಿತವೂ ಅಲ್ಲ. ಅತಿಸಾರವಾದ ಮಕ್ಕಳಿಗೆ ಸರಕಾರಿ ಆರೋಗ್ಯ ಕೇಂದ್ರಗಳಲ್ಲಿ ಕೊಡುವ 20 ಮಿಲಿಗ್ರಾಮಿನ ಜಿಂಕ್ ಮಾತ್ರೆ ಅಂಥದೇ. ಒಂದು ಚಮಚದಲ್ಲಿ ಮಾತ್ರೆಯನ್ನಿಟ್ಟು, ಕುದಿಸಿ ಆರಿಸಿದ ನೀರನ್ನೋ ತಾಯಿಯ ಹಾಲನ್ನೋ ಹನಿಸಿದರೆ ಕ್ಷಣದಲ್ಲಿ ಪುಡಿಯಾಗಿ ಹರಡಿಕೊಳ್ಳುತ್ತದೆ. ನೀರು ತಾಯಿಯ ಅಡಿಗೆಮನೆಯದೇ.